ಪಾರ್ಲರಿನೊಳಗೆ ಬಂದ ಸಿರಿಂಜ್: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಖಾಸಗಿ ವೈದ್ಯಕೀಯ ಸಂಸ್ಥೆಗಳ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ವಿಷಯ: ಬ್ಯೂಟಿ ಪಾರ್ಲರ್‌ಗಳಲ್ಲಿ ಮುಖಕ್ಕೆ ಫಿಲ್ಲರ್ (ತುಂಬುವ ಜೆಲ್) ಇಂಜೆಕ್ಷನ್ ಚುಚ್ಚುತ್ತಿರುವುದನ್ನು ತಡೆಯುವ ಬಗ್ಗೆ.

ಮಾನ್ಯರೇ,

ನಾನು ಕಂಕನಾಡಿ ಕಡೆ ಸಣ್ಣದೊಂದು ಲೇಡೀಸ್ ಪಾರ್ಲರ್ ನಡೆಸುವವಳು. ಥ್ರೆಡ್ಡಿಂಗ್, ಫೇಶಿಯಲ್, ಕೂದಲಿಗೆ ಬಣ್ಣ, ಸೀಸನ್‌ನಲ್ಲಿ ಮದುಮಗಳ ಮೇಕಪ್, ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಗೆ ಮುಂಚೆ ಮಾಡುವ ರೋಸ್ ಶಾಸ್ತ್ರಕ್ಕೆ ಬೇರೆ ಅಲಂಕಾರ, ಇದು ನನ್ನ ಕಸುಬು. ಪಾಲಿಕೆಯ ಉದ್ದಿಮೆ ಪರವಾನಗಿ ಗೋಡೆಯಲ್ಲಿ ತೂಗುಹಾಕಿದ್ದೇನೆ. ಆ ಪರವಾನಗಿ ನನಗೆ ಚರ್ಮದ ಮೇಲೆ ಕೆಲಸ ಮಾಡಲು ಕೊಟ್ಟದ್ದು. ಚರ್ಮದ ಒಳಗೆ ಕೆಲಸ ಮಾಡುವವರು ಈಗ ನಮ್ಮ ಕುರ್ಚಿಗಳನ್ನೇ ಬಾಡಿಗೆಗೆ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕಾಗಿ ಈ ಪತ್ರ.

ಅವರು ಬರುವ ಬಗೆ ಹೀಗೆ. ಮೊದಲು ಒಬ್ಬ ಏಜೆಂಟ್ ಬರುತ್ತಾನೆ. ಮಾತು ಬೆಣ್ಣೆ. "ಅಕ್ಕ, ನಿಮಗೆ ಎಂತ ಕೆಲಸವೂ ಇಲ್ಲ. ರೂಮು ನಿಮ್ಮದು, ಕಸ್ಟಮರ್ ನಿಮ್ಮದು. ಮೇಡಂ ಬೆಂಗಳೂರಿಂದ ಬಂದು ಚುಚ್ಚಿ ಹೋಗ್ತಾರೆ. ನೂರಕ್ಕೆ ಮೂವತ್ತು ನಿಮಗೆ." ಮೇಡಂ ಡಾಕ್ಟರಾ ಎಂದು ಕೇಳಿದೆ. "ಸರ್ಟಿಫೈಡ್ ಅಕ್ಕ" ಅಂದ. ಡಾಕ್ಟರಾ ಎಂದು ಇನ್ನೊಮ್ಮೆ ಕೇಳಿದಾಗಲೂ ಅದೇ ಉತ್ತರ. ಹೋಟೆಲಿನ ಹಾಲ್‌ನಲ್ಲಿ ಎರಡು ದಿನದ ಕೋರ್ಸ್ ಮುಗಿಸಿದರೆ ನನಗೂ ಅಂಥದ್ದೇ ಸರ್ಟಿಫಿಕೇಟ್ ಸಿಗುತ್ತದಂತೆ, ಆಮೇಲೆ ಮೇಡಂ ಕೂಡ ಬೇಡವಂತೆ. ನಾನು ಒಪ್ಪದೇ ಇದ್ದಾಗ ಚೀಲದಿಂದ ಪೆನ್ನಿನಂಥ ಒಂದು ಸಾಧನ ತೆಗೆದ. ಇದರಲ್ಲಿ ಸೂಜಿಯೇ ಇಲ್ಲ, ಒತ್ತಡದಿಂದ ಜೆಲ್ ಒಳಗೆ ಹೋಗುತ್ತದೆ, ಸೂಜಿ ಇಲ್ಲದ ಮೇಲೆ ಡಾಕ್ಟರ್ ಯಾಕೆ ಎಂದು ವಾದ ಹೂಡಿದ. ಇಂಥ ಪೆನ್ನುಗಳನ್ನು ಫಿಲ್ಲರ್‌ಗೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಕಾಫಿ ಕೊಟ್ಟು ಕಳುಹಿಸಿದೆ. ನನ್ನಲ್ಲಿಂದ ಅವನು ಇನ್ನೊಂದು ಪಾರ್ಲರಿಗೆ ಹೋಗಿರುತ್ತಾನೆ, ಅದರಲ್ಲಿ ಅನುಮಾನವಿಲ್ಲ.

ತಾವು ದಿನವೂ ಹತ್ತಾರು ವಿಷಯ ನೋಡುವವರು, ಆದ್ದರಿಂದ ಫಿಲ್ಲರ್ ಎಂದರೇನು ಎಂದು ಎರಡು ಮಾತು ಹೇಳಿಬಿಡುತ್ತೇನೆ. ಬೊಟಾಕ್ಸ್ ಬೇರೆ, ಇದು ಬೇರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುವ ಔಷಧ, ಹಣೆಯ ಗೆರೆಗೆ ಹಾಕುವುದು. ಫಿಲ್ಲರ್ ತುಂಬುವ ವಸ್ತು. ವಯಸ್ಸಾಗುತ್ತಾ ಮುಖದೊಳಗಿನ ಕೊಬ್ಬು ಕರಗುತ್ತದೆ, ಮೂಳೆಯೂ ಸ್ವಲ್ಪ ಸವೆಯುತ್ತದೆ. ಕೆನ್ನೆ ಗುಳಿಬೀಳುವುದು, ಮೂಗಿನ ಬದಿಯಿಂದ ತುಟಿಯ ತುದಿಗೆ ಗೆರೆ ಇಳಿಯುವುದು ಆಗಲೇ. ಆ ಖಾಲಿ ಜಾಗಕ್ಕೆ ಜೆಲ್ ತುಂಬುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವುದು ಹೈಯಲುರೋನಿಕ್ ಆಸಿಡ್. ನಮ್ಮ ದೇಹದಲ್ಲೇ ಇರುವ, ನೀರು ಹಿಡಿದಿಟ್ಟುಕೊಳ್ಳುವ ಒಂದು ಬಗೆಯ ಸಕ್ಕರೆ ಅಂಶ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗಿಹೋಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಪಾಲಿ ಲ್ಯಾಕ್ಟಿಕ್ ಆಸಿಡ್, ಎಂದೂ ಕರಗದ ಪಿಎಂಎಂಎ ಎಂದು ಬೇರೆ ಜಾತಿಗಳೂ ಇವೆ. ಇವುಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಮುಂದೆ ಹೇಳುವ ಘಟನೆಯಲ್ಲಿ ಬರುತ್ತದೆ.

ನಾನು ಫಿಲ್ಲರ್ ವಿರೋಧಿ ಎಂದು ಯಾರೂ ತಿಳಿಯಬಾರದು. "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು" ಎಂದು ಕೇಳುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ತಲೆಗೆ ಡೈ ಹಾಕಿಕೊಳ್ಳುವ ಗಂಡಸರಾದರೂ ಈ ಪ್ರಶ್ನೆ ಕೇಳದಿದ್ದರೆ ಚೆನ್ನ. ಅಮೆರಿಕದಲ್ಲಿ 2004ರಲ್ಲಿ ಪಾಲಿ ಲ್ಯಾಕ್ಟಿಕ್ ಆಸಿಡ್ ಫಿಲ್ಲರ್‌ಗೆ ಒಪ್ಪಿಗೆ ಸಿಕ್ಕಿದ್ದು ಎಚ್‌ಐವಿ ಇರುವವರ ಕುಸಿದ ಕೆನ್ನೆ ತುಂಬಲಿಕ್ಕೆ. ನೋಡಿದವರಿಗೆಲ್ಲ ರೋಗ ಗೊತ್ತಾಗುವ ಮುಖ ಹೊತ್ತು ಓಡಾಡುವವರಿಗೆ ಅದು ಶೋಕಿ ಆಗಿರಲಿಲ್ಲ. ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಚರ್ಮವೈದ್ಯರಿದ್ದಾರೆ, ಪ್ಲಾಸ್ಟಿಕ್ ಸರ್ಜನ್‌ಗಳಿದ್ದಾರೆ, ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ಊರು ಇದು. ಬೇಕಾದವರು ಅವರಲ್ಲಿಗೆ ಹೋಗಲಿ. ಕೆಲವು ಗಿರಾಕಿಗಳನ್ನು ನಾನೇ ಕಳುಹಿಸಿದ್ದೇನೆ, ಚಂದ ಆಗಿ ಬಂದಿದ್ದಾರೆ. ನನ್ನ ತಕರಾರು ಯಾರು ಚುಚ್ಚುತ್ತಾರೆ, ಏನು ಚುಚ್ಚುತ್ತಾರೆ, ತಪ್ಪಿದರೆ ಅಲ್ಲೇ ಏನು ಮಾಡುತ್ತಾರೆ ಎಂಬುದರ ಬಗ್ಗೆ ಮಾತ್ರ.

ನನ್ನಲ್ಲಿ ಬಹಳ ಕಾಲದಿಂದ ಬರುವ ಒಬ್ಬ ಟೀಚರಮ್ಮ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಶಾಲೆ ಬೇಡ ಅಂದಿದ್ದಾರೆ. ದವಡೆ ಹಲ್ಲು ಕೀಳಿಸಿದ ಮೇಲೆ ಅವರ ಕೆನ್ನೆ ಒಳಗೆ ಹೋಗಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು, ಫೋಟೊದಲ್ಲಿ ಅಜ್ಜಿಯ ಹಾಗೆ ಕಾಣಬಾರದು ಎಂಬ ಆಸೆ. ಕ್ಲಿನಿಕ್‌ನಲ್ಲಿ ಒಂದು ಸಿರಿಂಜ್‌ಗೆ ಕೇಳುವ ದುಡ್ಡಿನ ಅರ್ಧಕ್ಕೆ ಬೇರೊಂದು ಪಾರ್ಲರ್‌ನಲ್ಲಿ ಆಫರ್ ಇತ್ತು. ಹೋದರು. ಒಂದು ಸಿರಿಂಜ್ ಅಂದರೆ ಬರೀ ಒಂದು ಮಿಲಿಲೀಟರ್, ಚಹಾ ಚಮಚದ ಐದನೇ ಒಂದು ಪಾಲು.

ಮರುದಿನ ಸಂಜೆ ಮಗಳ ಮೇಕಪ್ ಟ್ರಯಲ್‌ಗೆ ಎಂದು ನನ್ನಲ್ಲಿಗೆ ಬಂದರು. ಮಾಸ್ಕ್ ಹಾಕಿದ್ದರು. ತೆಗೆಸಿ, ಕನ್ನಡಿಯ ಲೈಟ್ ಹಾಕಿ ನೋಡಿದೆ. ಬಲಗಡೆ ಮೂಗಿನ ಹೊಳ್ಳೆಯ ಅಂಚು ಬಿಳಿಚಿಕೊಂಡಿತ್ತು. ಅದರ ಪಕ್ಕದಿಂದ ಮೇಲ್ದುಟಿಯ ತನಕ ನೀಲಿ ಕೆಂಪು ಬಣ್ಣದಲ್ಲಿ ಬೀಸುಬಲೆ ಹರಡಿದ ಹಾಗೆ ಗೆರೆಗಳು. ಫೇಶಿಯಲ್ ಮಾಡುವವರಿಗೆ ಬೆರಳ ಕೆಳಗಿನ ಚರ್ಮ ಗೊತ್ತಿರುತ್ತದೆ. ಎಡಗೆನ್ನೆ ಒತ್ತಿ ಬಿಟ್ಟೆ, ಬಿಳಿಯಾದದ್ದು ತಕ್ಷಣ ಕೆಂಪಾಯಿತು. ಬಲಗಡೆ ಒತ್ತಿದೆ, ಬಿಳಿ ಬಿಳಿಯಾಗಿಯೇ ಉಳಿಯಿತು, ಬಣ್ಣ ಬರಲು ಎಷ್ಟೋ ಹೊತ್ತು ಹಿಡಿಯಿತು. "ಚುಚ್ಚುವಾಗಲೇ ಜೀವ ಹೋದ ಹಾಗೆ ನೋವಾಯ್ತು ಮಾರಾಯ್ತಿ. ಅವಳು ಐಸ್ ಇಡಿ, ಬೆಳಿಗ್ಗೆ ಸರಿ ಆಗ್ತದೆ ಅಂದಳು" ಎಂದರು. ರಾತ್ರಿಯಿಡೀ ಐಸ್ ಇಟ್ಟುಕೊಂಡಿದ್ದರು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಗೊತ್ತಾಯಿತು. ಜೆಲ್ ರಕ್ತನಾಳದೊಳಗೆ ಹೋಗಿ ಅಡ್ಡ ನಿಂತಿತ್ತು. ಮುಖದ ಮುಖ್ಯ ರಕ್ತನಾಳ ಮೂಗಿನಿಂದ ತುಟಿಯ ತುದಿಗೆ ಇಳಿಯುವ ಗೆರೆಯ ಬದಿಯಲ್ಲೇ ಏರಿ ಮೂಗಿನ ಪಕ್ಕಕ್ಕೆ ಬರುತ್ತದೆ, ಹೊಳ್ಳೆಯ ಚರ್ಮಕ್ಕೆ ರಕ್ತ ಕೊಡುವುದು ಅದೇ. ಅಲ್ಲಿ ರಕ್ತ ನಿಂತರೆ ಚರ್ಮ ಸಾಯುತ್ತದೆ. ಇಂಥ ಹೊತ್ತಲ್ಲಿ ಬೇಕಾದದ್ದು ಬಿಸಿ ಶಾಖ, ನಾಳ ಹಿಗ್ಗಲಿ ಎಂದು. ಐಸ್ ಇಟ್ಟರೆ ನಾಳ ಇನ್ನೂ ಕುಗ್ಗುತ್ತದೆ. ಚುಚ್ಚಿದವಳು ಹೇಳಿಕೊಟ್ಟದ್ದು ಮಾಡಬಾರದ್ದನ್ನೇ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಹಾಕಿದ್ದು ಯಾವ ಫಿಲ್ಲರ್? ಹೈಯಲುರೋನಿಕ್ ಆಸಿಡ್ ಆಗಿದ್ದರೆ ಹೈಯಲುರೊನಿಡೇಸ್ ಎಂಬ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಬೇರೆ ಜಾತಿಯದ್ದಾಗಿದ್ದರೆ ಅದು ಕರಗುವುದಿಲ್ಲ. ಟೀಚರಮ್ಮನ ಹತ್ತಿರ ಪೆಟ್ಟಿಗೆ ಇಲ್ಲ, ಬಿಲ್ ಇಲ್ಲ. ಒಳ್ಳೆಯ ಕಂಪನಿಯ ಸಿರಿಂಜ್ ಜೊತೆಗೆ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ, ರೋಗಿಯ ದಾಖಲೆಗೆ ಅಂಟಿಸಲೆಂದೇ ಕೊಡುವುದು. ಅಂಥದ್ದನ್ನು ಅವರು ಕಂಡೇ ಇಲ್ಲ. ಆ ಪಾರ್ಲರ್‌ಗೆ ಫೋನ್ ಮಾಡಿದರೆ "ಅದು ಮೇಡಂ ತಂದ ಮೆಟೀರಿಯಲ್, ನಮಗೆ ಗೊತ್ತಿಲ್ಲ" ಎಂಬ ಉತ್ತರ. ಮೇಡಂ ಫೋನ್ ಸ್ವಿಚ್ ಆಫ್. ಕೊನೆಗೆ ಡಾಕ್ಟರ್ ಹೈಯಲುರೋನಿಕ್ ಇರಬಹುದು ಎಂಬ ಅಂದಾಜಿನ ಮೇಲೆ ಔಷಧ ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ಬಲೆ ನಿಧಾನವಾಗಿ ಮಾಸಿತು. ಹೊಳ್ಳೆಯ ಅಂಚು ಮಾತ್ರ ಕಪ್ಪಾಗಿ, ಹಕ್ಕಳೆ ಕಟ್ಟಿ, ಉದುರಿತು. ಕಿರುಬೆರಳ ಉಗುರಿನಷ್ಟು ಕಲೆ, ಸ್ವಲ್ಪ ತಗ್ಗು, ಈಗಲೂ ಇದೆ. ಮಗಳ ಮದುವೆಯ ದಿನ ಅದನ್ನು ಕನ್ಸೀಲರ್ ಹಾಕಿ ಮುಚ್ಚಿದ್ದು ನಾನೇ.

ಚರ್ಮದಷ್ಟಕ್ಕೇ ಮುಗಿಯಿತು ಎನ್ನುವುದನ್ನು ಅದೃಷ್ಟ ಎಂದೇ ಹೇಳಬೇಕು. ಮೂಗಿನ ಮೇಲಿನ, ಹುಬ್ಬುಗಳ ನಡುವಿನ ರಕ್ತನಾಳಗಳು ಕಣ್ಣಿಗೆ ಹೋಗುವ ನಾಳದೊಂದಿಗೆ ಕೂಡಿಕೊಂಡಿವೆ. ಸೂಜಿಯ ಒತ್ತಡಕ್ಕೆ ಜೆಲ್ ಹಿಂದಕ್ಕೆ ಓಡಿ ಅಲ್ಲಿಗೆ ಹೋದರೆ ಕಣ್ಣು ಹೋಗುತ್ತದೆ. ರಕ್ತವಿಲ್ಲದೆ ಕಣ್ಣಿನ ಒಳಪದರವಾದ ರೆಟಿನಾ ತಾಳುವುದು ಸುಮಾರು ಒಂದೂವರೆ ಗಂಟೆ ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ, ಅಷ್ಟರೊಳಗೆ ಚಿಕಿತ್ಸೆ ಸಿಕ್ಕಿದರೂ ದೃಷ್ಟಿ ಮರಳುವುದು ಅಪರೂಪ. ಸುಳ್ಯದಲ್ಲಿ ಚುಚ್ಚಿಸಿಕೊಂಡವರು ಬಸ್ಸು ಹತ್ತಿ ಮಂಗಳೂರು ಮುಟ್ಟುವಷ್ಟರಲ್ಲಿ ಆ ಹೊತ್ತು ಕಳೆದೇ ಹೋಗಿರುತ್ತದೆ. ತಜ್ಞ ವೈದ್ಯರ ಕೈಯಲ್ಲೂ ಈ ತೊಂದರೆ ಅಪರೂಪಕ್ಕೆ ಆಗುವುದುಂಟು. ಆದರೆ ಅವರು ಬಣ್ಣ ಬದಲಾದ ಕ್ಷಣದಲ್ಲಿ ಗುರುತಿಸುತ್ತಾರೆ, ಔಷಧ ಅದೇ ಕೋಣೆಯ ಫ್ರಿಜ್‌ನಲ್ಲಿರುತ್ತದೆ, ಮರುದಿನ ಅವರ ಫೋನ್ ಆಫ್ ಆಗಿರುವುದಿಲ್ಲ.

ಇನ್ನೂ ಒಂದೆರಡು ಸಂಗತಿ ತಮ್ಮ ಗಮನಕ್ಕೆ ತರಬೇಕು. ಏಜೆಂಟ್ ನನಗೆ ಹೇಳಿದ ಆಫರ್‌ಗಳಲ್ಲಿ "ಹಾಫ್ ಸಿರಿಂಜ್" ಎಂಬುದೊಂದಿತ್ತು. ಅಂದರೆ ಒಬ್ಬರಿಗೆ ಅರ್ಧ ಹಾಕಿ, ಸೂಜಿ ಬದಲಿಸಿ, ಉಳಿದರ್ಧವನ್ನು ಮತ್ತೊಬ್ಬರಿಗೆ ಹಾಕುವುದು. ಅಕ್ಕ ತಂಗಿ ಸೇರಿ ಬಂದರೆ ಚೀಪ್ ಆಗ್ತದೆ ಎಂದು ಅವನ ಮಾತು. ಸೂಜಿ ಬದಲಿಸಿದರೂ ಸಿರಿಂಜ್‌ನೊಳಗೆ ಮೊದಲಿನವರ ರಕ್ತ ಹಿಂದೆ ಸರಿದು ಬಂದಿರಬಹುದು ಎಂಬುದು ಅವನಿಗೆ ಗೊತ್ತಿಲ್ಲವೋ, ಬೇಕಾಗಿಲ್ಲವೋ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಸ್ಪಾ ಒಂದರಲ್ಲಿ ಮುಖದ ಸೂಜಿ ಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗಲಿದ ಪ್ರಕರಣವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಪ್ರಕಟಿಸಿದೆ. ಅದು ಫಿಲ್ಲರ್ ಅಲ್ಲ, ತಮ್ಮದೇ ರಕ್ತದ ಅಂಶವನ್ನು ಮುಖಕ್ಕೆ ಹಾಕಿಸಿಕೊಳ್ಳುವ ಫೇಶಿಯಲ್. ಆದರೆ ಸೂಜಿ, ರಕ್ತ, ಪರವಾನಗಿಯಿಲ್ಲದ ಕೋಣೆ ಎರಡೂ ಕಡೆ ಒಂದೇ.

ಈ ಜೆಲ್‌ಗಳನ್ನು ಸಾಮಾನ್ಯವಾಗಿ 25 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಏಪ್ರಿಲ್‌ನ ಮಂಗಳೂರಿನಲ್ಲಿ ಅದು ಹ್ಯಾಂಡ್‌ಬ್ಯಾಗಿನಲ್ಲಿ ಸಿಟಿ ಬಸ್ ಹತ್ತಿ ತಿರುಗುತ್ತದೆ. ಕೆಲಸ ಮುಗಿದ ಮೇಲೆ ಸೂಜಿ ಎಲ್ಲಿಗೆ ಹೋಗುತ್ತದೆ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಚುಚ್ಚುವ ವಸ್ತುಗಳನ್ನು ತೂತಾಗದ ಬಿಳಿ ಡಬ್ಬಿಗೇ ಹಾಕಬೇಕು. ಪಾರ್ಲರ್‌ಗಳಲ್ಲಿ ಆ ಡಬ್ಬಿ ಎಲ್ಲಿದೆ? ನಮ್ಮ ಓಣಿಯ ಒಣಕಸ ಒಯ್ಯುವ ಹುಡುಗ ಒಂದು ಬೆಳಿಗ್ಗೆ ಗ್ಲೌಸ್ ತೂರಿ ಬಂದ ಸಣ್ಣ ಸೂಜಿಯನ್ನು ನನಗೆ ತೋರಿಸಿ, ಇದು ನಿಮ್ಮದಾ ಎಂದು ಕೇಳಿದ. ನನ್ನದಲ್ಲ ಅಂದೆ. ಯಾರದ್ದಾದರೂ ಆಗಲಿ, ಚುಚ್ಚಿದ್ದು ಅವನ ಬೆರಳಿಗೆ.

ದೂರು ಕೊಡಲು ಹೋದಾಗ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಒಂದು ಕಚೇರಿಯಲ್ಲಿ, ಪಾರ್ಲರ್ ಅಂದರೆ ವೈದ್ಯಕೀಯ ಸಂಸ್ಥೆಯಲ್ಲ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಇನ್ನೊಂದರಲ್ಲಿ, ಇಂಜೆಕ್ಷನ್ ಅಂದರೆ ವೈದ್ಯಕೀಯ ವಿಷಯ, ನಾವು ನೋಡುವುದು ಬರೀ ಅಂಗಡಿ ಅಂದರು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಮಾತಾಡಿದರು, ಅದೇ ಸಮಸ್ಯೆ. ಈ ಎರಡು ಬಾಗಿಲ ನಡುವಿನ ಜಾಗದಲ್ಲಿ ಆ ಮೇಡಂ ಕುರ್ಚಿ ಹಾಕಿಕೊಂಡಿದ್ದಾಳೆ.

ಕಾನೂನು ಇಲ್ಲ ಎನ್ನುವ ಹಾಗೂ ಇಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಎಂಇ, ನೋಂದಣಿಯಿಲ್ಲದೆ ಚಿಕಿತ್ಸೆ ಕೊಡುವ ಜಾಗ ನಡೆಸುವುದನ್ನು ಶಿಕ್ಷಾರ್ಹ ಮಾಡಿದೆ. ಹೊರಗಿನ ಬೋರ್ಡ್‌ನಲ್ಲಿ ಪಾರ್ಲರ್ ಎಂದು ಬರೆದ ಮಾತ್ರಕ್ಕೆ ಒಳಗೆ ನಡೆಯುವುದು ಚಿಕಿತ್ಸೆ ಅಲ್ಲ ಎಂದಾಗುತ್ತದೆಯೇ? ದೇಶದಲ್ಲಿ 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ಕೆಳಗೆ ಬಂದಿವೆ, ಫಿಲ್ಲರ್ ಕೂಡ ಸಾಧನದ ಲೆಕ್ಕಕ್ಕೇ ಸೇರುತ್ತದೆ. ಬೊಟಾಕ್ಸ್ ಅಂತೂ ಔಷಧವೇ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿದ್ದು ಸೌಂದರ್ಯ ಚಿಕಿತ್ಸೆ ಶುರುಮಾಡಲು ಸಾಕಾಗುವ ತರಬೇತಿ ಅಲ್ಲ ಎಂದು ಡಾಕ್ಟರ್‌ಗಳಿಗೇ ಹೇಳಿದೆ. ಡಾಕ್ಟರ್‌ಗಳಿಗೇ ಸಾಲದ್ದು ನಮಗೆ ಹೇಗೆ ಸಾಕು? ಯಾವ ಪದವಿಯ ವೈದ್ಯರು ಫಿಲ್ಲರ್ ಹಾಕಬಹುದು ಎಂಬ ವಾದ ಅವರವರೊಳಗೆ ಇದೆ, ಅದನ್ನು ಬಿಡಿಸಲು ನಾನು ಯಾರು. ಎರಡು ದಿನದ ಕೋರ್ಸಿನವರು ಆ ವಾದದ ಹತ್ತಿರಕ್ಕೂ ಬರುವುದಿಲ್ಲ, ಅಷ್ಟೇ.

ಹಾಗಾಗಿ ನನ್ನ ಕೋರಿಕೆ. ಜಿಲ್ಲಾ ಆರೋಗ್ಯಾಧಿಕಾರಿ, ಪಾಲಿಕೆ ಮತ್ತು ಡ್ರಗ್ ಇನ್‌ಸ್ಪೆಕ್ಟರ್ ಮೂವರೂ ಒಟ್ಟಿಗೆ ಹೋಗಿ ತಪಾಸಣೆ ಮಾಡುವಂತೆ ತಾವು ಆದೇಶಿಸಬೇಕು. ಒಬ್ಬೊಬ್ಬರೇ ಹೋದರೆ ಮತ್ತೆ ಅದೇ ಎರಡು ಬಾಗಿಲಿನ ಕಥೆ. ಮಂಗಳೂರಿಗೆ ಮಾತ್ರ ಸೀಮಿತ ಆಗಬಾರದು, ಪುತ್ತೂರು, ಬಂಟ್ವಾಳ, ಮೂಡುಬಿದಿರೆ, ಸುಳ್ಯಕ್ಕೂ ಹೋಗಬೇಕು. ಹೋದವರು ಗೋಡೆಯ ಸರ್ಟಿಫಿಕೇಟ್ ನೋಡುವ ಮೊದಲು ಫ್ರಿಜ್ ತೆರೆಸಲಿ. ಹೈಯಲುರೊನಿಡೇಸ್ ಇದೆಯಾ, ಅವಧಿ ಮೀರಿದೆಯಾ ಎಂದು ಕೇಳಲಿ. ಫಿಲ್ಲರ್ ದರದ ಮುಂದೆ ಆ ಬಾಟಲಿಯ ಬೆಲೆ ಏನೂ ಅಲ್ಲ, ಆದರೂ ಅದು ಇಲ್ಲದ ಕಡೆ ಚುಚ್ಚುವವರಿಗೆ ತಾವೇನು ಮಾಡುತ್ತಿದ್ದೇವೆ ಎಂಬುದೇ ಗೊತ್ತಿಲ್ಲ ಎಂದು ಅರ್ಥ. ಈ ಪ್ರಶ್ನೆಯನ್ನು ನೋಂದಾಯಿತ ಕ್ಲಿನಿಕ್‌ಗಳಲ್ಲೂ ಕೇಳಬೇಕು, ಬೋರ್ಡ್ ದೊಡ್ಡದಿದೆ ಎಂದು ಬಿಡಬಾರದು. ಆಮೇಲೆ ಖರೀದಿ ಬಿಲ್, ಪೆಟ್ಟಿಗೆಯ ಮೇಲಿನ ಆಮದು ಪರವಾನಗಿ, ಬಿಳಿ ಡಬ್ಬಿ.

ಪಾಲಿಕೆ ಮತ್ತು ಪಂಚಾಯತುಗಳು ಪಾರ್ಲರ್‌ಗಳ ಪರವಾನಗಿ ನವೀಕರಿಸುವಾಗ ಒಂದೇ ಸಾಲಿನ ಷರತ್ತು ಸೇರಿಸಿದರೆ ಅರ್ಧ ಕೆಲಸ ಆಗುತ್ತದೆ: ಈ ಜಾಗದಲ್ಲಿ ಯಾವ ಇಂಜೆಕ್ಷನ್ನೂ ಇಲ್ಲ, ಜಾಗವನ್ನು ಅದಕ್ಕಾಗಿ ಬಾಡಿಗೆಗೂ ಕೊಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಖುಷಿಯಿಂದ ಸಹಿ ಹಾಕುತ್ತೇವೆ. ಏಜೆಂಟ್ ಬಂದಾಗ "ಲೈಸೆನ್ಸ್ ಹೋಗ್ತದೆ ಮಾರಾಯ" ಎಂದು ಹೇಳಲು ನಮಗೂ ಒಂದು ಕಾರಣ ಸಿಗುತ್ತದೆ. ಬಾಡಿಗೆ, ಕರೆಂಟ್ ಬಿಲ್ಲು ಕಟ್ಟಲು ಒದ್ದಾಡುವ ಹೆಂಗಸಿಗೆ ನೂರಕ್ಕೆ ಮೂವತ್ತು ಸಣ್ಣ ಆಮಿಷ ಅಲ್ಲ.

ಹದಿಹರೆಯದವರ ವಿಷಯ ಪ್ರತ್ಯೇಕವಾಗಿ ನೋಡಬೇಕು. ಇಂಗ್ಲೆಂಡಿನಲ್ಲಿ 18 ತುಂಬದವರಿಗೆ ಅಂದಕ್ಕಾಗಿ ಫಿಲ್ಲರ್ ಹಾಕುವುದನ್ನು 2021ರ ಕಾನೂನು ಅಪರಾಧ ಮಾಡಿದೆ. ಅಮೆರಿಕದ ಎಫ್‌ಡಿಎ ತುಟಿಯ ಫಿಲ್ಲರ್‌ಗೆ ಒಪ್ಪಿಗೆ ಕೊಟ್ಟಿರುವುದು 22 ಮತ್ತು ಮೇಲಿನವರಿಗೆ. ನಮ್ಮ ಊರು ಕಾಲೇಜುಗಳ ಊರು, ಮತ್ತು ಇಲ್ಲಿ "ಸ್ಟೂಡೆಂಟ್ ಲಿಪ್ ಆಫರ್" ಎಂಬ ಪೋಸ್ಟರ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪಿಯುಸಿ ಹುಡುಗಿಯೊಬ್ಬಳು ಅದನ್ನು ನನಗೇ ತೋರಿಸಿ, ಹಾಕಿಸಿಕೊಳ್ಳಬಹುದಾ ಆಂಟಿ ಎಂದು ಕೇಳಿದ್ದಾಳೆ. ಜಿಲ್ಲೆಯ ಮಟ್ಟಿಗೆ ಇದರ ಬಗ್ಗೆ ಒಂದು ಸ್ಪಷ್ಟ ಸೂಚನೆ ಹೊರಡಿಸಿ.

ಕೊನೆಯದಾಗಿ ಆಸ್ಪತ್ರೆಗಳ ವಿಚಾರ. ಹೈಯಲುರೊನಿಡೇಸ್ ಹೊಸ ಔಷಧವೇನಲ್ಲ. ಕಣ್ಣಿನ ಆಪರೇಷನ್‌ಗೆ ಮರಗಟ್ಟಿಸುವಾಗ ಬಳಸುವುದರಿಂದ ಕಣ್ಣಿನ ವಿಭಾಗಗಳಿಗೆ ಅದರ ಪರಿಚಯ ಚೆನ್ನಾಗಿದೆ. ವೆನ್‌ಲಾಕ್ ಮತ್ತು ತಾಲೂಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ರಾತ್ರಿ ಹೊತ್ತೂ ಅದು ಕೈಗೆ ಸಿಗುವ ಹಾಗೆ, "ಫಿಲ್ಲರ್ ಹಾಕಿಸಿದ್ದೆ, ಮುಖ ಬಿಳಿಚಿದೆ, ಕಣ್ಣು ಮಂಜಾಗಿದೆ" ಎಂದು ಬಂದವರನ್ನು ಅಲರ್ಜಿ ಎಂದು ಮನೆಗೆ ಕಳುಹಿಸದ ಹಾಗೆ ಒಂದು ಪುಟದ ಸೂಚನೆ ಕೊಡಿಸಿ. ಪಾರ್ಲರ್‌ನಲ್ಲಿ ಮಾಡಿಸಿಕೊಂಡೆ ಎಂದು ಹೇಳಲು ನಾಚಿ ಬಾಯಿಬಿಡದವರು ಬಹಳ. ಕೇಳುವವರು ಬೈಯದೆ ಕೇಳಲಿ.

ಡಿಸೆಂಬರ್ ರಜೆಗೆ ಗಲ್ಫ್‌ನವರು ಊರಿಗೆ ಬರುತ್ತಾರೆ, ಮದುವೆ ಹಾಲ್‌ಗಳು ತುಂಬುತ್ತವೆ, ಮೇಡಂಗಳೂ ಬರುತ್ತಾರೆ. ತಪಾಸಣೆ ಅದಕ್ಕೆ ಮೊದಲೇ ಆಗಬೇಕೆಂಬುದು ನನ್ನ ವಿನಂತಿ. ಟೀಚರಮ್ಮನ ಆಸ್ಪತ್ರೆ ದಾಖಲೆಗಳು, ಮೊದಲ ಸಂಜೆ ನಾನು ತೆಗೆದ ಫೋಟೊ, ಏಜೆಂಟ್ ಬಿಟ್ಟುಹೋದ ದರಪಟ್ಟಿ ಇವುಗಳ ಪ್ರತಿ ತಮ್ಮ ಕಚೇರಿಗೆ ಸಲ್ಲಿಸಿದ ಅರ್ಜಿಯೊಂದಿಗಿವೆ. ನನ್ನ ಹೆಸರು, ವಿಳಾಸ, ಫೋನ್ ನಂಬರ್ ಕೂಡ ಅದರಲ್ಲಿದೆ. ಹೇಳಿಕೆ ಕೊಡಲು ಕರೆದರೆ ಅಂಗಡಿ ಮುಚ್ಚಿಯಾದರೂ ಬರುತ್ತೇನೆ, ಟೀಚರಮ್ಮನೂ ಬರುತ್ತೇನೆ ಅಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಕಂಕನಾಡಿಯ ಒಬ್ಬ ಬ್ಯೂಟಿಷಿಯನ್,
ಮಂಗಳೂರು.

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು; ಆಯುಕ್ತರು, ಮಂಗಳೂರು ಮಹಾನಗರ ಪಾಲಿಕೆ.